ಯಾವ ಸೈಟಲ್ಲಿ ಟಿಕೆಟ್ ಅಗ್ಗ ಅಂತ ಕೇಳೋ ಮೊದಲು, ಮಾರ್ತಿರೋದು ಯಾರು ಅಂತ ಕೇಳಿ

ಐಪಿಎಲ್ ನಡೆಯುತ್ತಿದ್ದ ಒಂದು ಸಂಜೆ ನನ್ನ ಚಿಕ್ಕಮ್ಮನ ಮಗ ಹಾಸನದಿಂದ ಬಸ್ ಹತ್ತಿ ಬಂದು ಚಿನ್ನಸ್ವಾಮಿ ಸ್ಟೇಡಿಯಂ ಗೇಟಿನ ಮುಂದೆ ನಿಂತಿದ್ದ. ಮೊಬೈಲಿನಲ್ಲಿ ಕ್ಯೂಆರ್ ಕೋಡ್ ಇತ್ತು, ಸೀಟ್ ನಂಬರ್ ಇತ್ತು, ಮೈಮೇಲೆ ಕೆಂಪು ಜೆರ್ಸಿ ಇತ್ತು. ಸ್ಕ್ಯಾನರ್ ಮಾತ್ರ ಒಪ್ಪಲಿಲ್ಲ. ಅದೇ ಕೋಡ್ ತೋರಿಸಿ ಅರ್ಧ ಗಂಟೆ ಮೊದಲೇ ಯಾರೋ ಒಳಗೆ ಹೋಗಿ ಕೂತಿದ್ದರು. ಮೂಲ ಬೆಲೆಯ ಮೂರು ಪಟ್ಟು ಕೊಟ್ಟು, ಆನ್‌ಲೈನ್ ಗ್ರೂಪೊಂದರಲ್ಲಿ ಪರಿಚಯವಾದವನಿಂದ ಕೊಂಡಿದ್ದ ಟಿಕೆಟ್ ಅದು. ನನಗೆ ಫೋನ್ ಮಾಡಿ ಅವನು ಕೇಳಿದ್ದು ಒಂದೇ ಪ್ರಶ್ನೆ: “ಅಣ್ಣಾ, ಬೇರೆ ಯಾವ ಸೈಟಲ್ಲಿ ತಗೋಬೇಕಿತ್ತು?”

ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಆ ಪ್ರಶ್ನೆಯ ಒಳಗೇ ಒಂದು ತಪ್ಪು ಕಲ್ಪನೆ ಇದೆ. ಮೊಬೈಲ್ ಫೋನ್ ಕೊಳ್ಳುವಾಗ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡನ್ನೂ ತೆರೆದು ನೋಡ್ತೀವಿ. ಒಂದೇ ಫೋನನ್ನು ಇಬ್ಬರೂ ಮಾರುವುದರಿಂದ ಅಲ್ಲಿ ಹೋಲಿಕೆಗೆ ಅರ್ಥವಿದೆ. ಐಪಿಎಲ್ ಟಿಕೆಟ್ ಹಾಗಲ್ಲ. ಪಂದ್ಯದ ಟಿಕೆಟ್ ಮಾರುವ ಹಕ್ಕು ತವರಿನ ತಂಡದ್ದು. ಆ ತಂಡ ಆರಿಸಿಕೊಂಡ ಕಡೆಯೇ ಟಿಕೆಟ್ ಸಿಗುತ್ತೆ. ಕೆಲವು ತಂಡಗಳದ್ದು ಬುಕ್‌ಮೈಶೋದಲ್ಲಿ, ಕೆಲವರದ್ದು ಡಿಸ್ಟ್ರಿಕ್ಟ್‌ನಲ್ಲಿ, ಆರ್‌ಸಿಬಿಯದ್ದು ಅದರದೇ ವೆಬ್‌ಸೈಟಿನಲ್ಲಿ. ನೋಡೋಕೆ ಮೂರು ಅಂಗಡಿ, ಆದರೆ ನಿಮಗೆ ಬೇಕಾದ ಪಂದ್ಯದ ಮಟ್ಟಿಗೆ ಇರೋದು ಒಂದೇ. ಪೈಪೋಟಿಯೇ ಇಲ್ಲದ ಕಡೆ ಅಗ್ಗ ಯಾವುದು ಅಂತ ಹುಡುಕಿ ಪ್ರಯೋಜನ ಇಲ್ಲ.

ಅಲ್ಲಿ ನೋಡಬೇಕಾದದ್ದು ಕೊನೆಯ ಪುಟದ ಮೊತ್ತ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ಸಾವಿರ ರೂಪಾಯಿಯ ಟಿಕೆಟ್ ಮೊದಲು 1,280 ಆಗ್ತಿತ್ತು, ಈಗ 1,400. ತಂಬಾಕು, ಕ್ಯಾಸಿನೊ ಇರುವ ದರದ ಸಾಲಿಗೇ ಕ್ರಿಕೆಟ್ ನೋಡೋದನ್ನೂ ಸೇರಿಸಿದ್ದಾರೆ. ಮಾನ್ಯತೆ ಪಡೆದ ಇತರ ಕ್ರೀಡಾಕೂಟಗಳಲ್ಲಿ 500 ರೂಪಾಯಿವರೆಗಿನ ಟಿಕೆಟ್‌ಗೆ ತೆರಿಗೆಯಿಲ್ಲ, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18. ತೆರಿಗೆಯ ಜೊತೆಗೆ ‘ಕನ್ವೀನಿಯನ್ಸ್ ಫೀ’ ಬೇರೆ. ಯಾರ ಅನುಕೂಲಕ್ಕೆ ಅಂತ ಕೇಳಬೇಡಿ.

ಹಣ ಇದ್ದರೂ ಟಿಕೆಟ್ ಸಿಗಲ್ಲ ಅನ್ನೋದು ಇನ್ನೂ ದೊಡ್ಡ ತೊಂದರೆ. ಮಾರಾಟ ಶುರುವಾದ ಕೂಡಲೇ ನಮ್ಮನ್ನು ಆನ್‌ಲೈನ್ ಸರತಿಯಲ್ಲಿ ನಿಲ್ಲಿಸ್ತಾರೆ. ಎಂಜಿನಿಯರಿಂಗ್ ಓದಿದ್ದರ ಉಪಯೋಗ ಇಂಥ ಕಡೆ ಸ್ವಲ್ಪ ಆಗುತ್ತೆ. ಲಕ್ಷಾಂತರ ಜನ ಒಟ್ಟಿಗೆ ನುಗ್ಗಿದರೆ ಸರ್ವರ್ ಕುಸಿಯುತ್ತೆ. ಅದಕ್ಕೇ ಒಂದು ಕಾಯುವ ಕೋಣೆ. ಇಂಥ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ, ಮಾರಾಟಕ್ಕೆ ಮೊದಲೇ ಬಂದು ಕೂತವರಿಗೆ ಲಾಟರಿ ಥರ ನಂಬರ್ ಹಂಚ್ತಾರೆ. ತಡವಾಗಿ ಬಂದವರು ಅವರ ಹಿಂದೆ. ಪದೇ ಪದೇ ರಿಫ್ರೆಶ್ ಒತ್ತಿದರೆ ನಿಮ್ಮ ಜಾಗ ನೀವೇ ಕಳ್ಕೊಳ್ಳಬಹುದು. ಒಳಗೆ ಹೋಗಿ ಸೀಟು ಆರಿಸಿದಾಗ ಅದು ಕೆಲವು ನಿಮಿಷ ನಿಮ್ಮ ಹೆಸರಲ್ಲಿ ಲಾಕ್ ಆಗುತ್ತೆ. ದುಡ್ಡು ಕಟ್ಟದೇ ಬಿಟ್ಟವರ ಸೀಟುಗಳು ಮತ್ತೆ ಮಾರಾಟಕ್ಕೆ ಬರ್ತವೆ. ಹಾಗಾಗಿ ‘ಸೋಲ್ಡ್ ಔಟ್’ ಅಂತ ಬಂದ ತಕ್ಷಣ ಎದ್ದು ಹೋಗಬೇಡಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ.

ಈ ‘ಸೋಲ್ಡ್ ಔಟ್’ ಅನ್ನೋ ಪದವನ್ನೇ ಸ್ವಲ್ಪ ಅನುಮಾನದಿಂದ ನೋಡೋದು ಒಳ್ಳೇದು. 2023ರ ಏಕದಿನ ವಿಶ್ವಕಪ್ ಟಿಕೆಟ್ ಮಾರಾಟ ಆಗಸ್ಟ್ ಕೊನೆಯಲ್ಲಿ ಬುಕ್‌ಮೈಶೋದಲ್ಲಿ ಶುರುವಾಯಿತು. ಸಿಗಲಿಲ್ಲ ಅಂತ ದೇಶದ ತುಂಬಾ ಜನ ಕೂಗಾಡಿದ ಮೇಲೆ, ಸೆಪ್ಟೆಂಬರ್ ಮೊದಲ ವಾರ ಬಿಸಿಸಿಐ ಇನ್ನೂ ಸುಮಾರು 4 ಲಕ್ಷ ಟಿಕೆಟ್ ಬಿಡ್ತೀವಿ ಅಂತ ಪ್ರಕಟಿಸಿತು. ಅಂದ್ರೆ ಮೊದಲ ಸುತ್ತಿನಲ್ಲಿ ಖಾಲಿಯಾದದ್ದು ಮಾರಾಟಕ್ಕೆ ಇಟ್ಟಷ್ಟು, ಇದ್ದಷ್ಟಲ್ಲ. ಚಿನ್ನಸ್ವಾಮಿಯಲ್ಲಿ ಸುಮಾರು 35 ಸಾವಿರ ಜನ ಕೂರಬಹುದು. ಅದರಲ್ಲಿ ಕ್ಲಬ್ಬುಗಳಿಗೆ, ಸದಸ್ಯರಿಗೆ, ಪ್ರಾಯೋಜಕರಿಗೆ, ವಿಐಪಿ ಪಾಸುಗಳಿಗೆ ಹೋಗಿ, ಹಾಸನದ ಹುಡುಗನ ಮೊಬೈಲಿನ ಸರತಿಗೆ ಉಳಿಯೋದು ಎಷ್ಟು? ಆ ಲೆಕ್ಕವನ್ನು ಪಂದ್ಯಕ್ಕೆ ಮುಂಚೆ ಯಾರೂ ನಮ್ಮ ಮುಂದೆ ಇಡೋದಿಲ್ಲ. ಆರ್‌ಟಿಐ ಹಾಕೋಣ ಅಂದ್ರೆ, 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಸರ್ಕಾರದ ನೆರವು ಪಡೆಯುವ ಸಂಸ್ಥೆಗಳನ್ನಷ್ಟೇ ಆ ವ್ಯಾಪ್ತಿಗೆ ತಂದಿದೆ. ಸರ್ಕಾರದ ಹಣ ಬೇಡದ ಬಿಸಿಸಿಐ ಹೊರಗೇ ಉಳಿಯಿತು. ಎಷ್ಟು ಟಿಕೆಟ್ ಮಾರಾಟಕ್ಕಿದೆ ಅನ್ನೋದು ಗುಟ್ಟಾಗಿರುವ ತನಕ ಕಾಳಸಂತೆಗೆ ಬಂಡವಾಳ ಬೇಕಿಲ್ಲ, ನಮ್ಮ ಆತಂಕವೇ ಸಾಕು.

ನಿಜವಾದ ಹೋಲಿಕೆ ಶುರುವಾಗೋದು ಮರುಮಾರಾಟದಲ್ಲಿ. ಅಲ್ಲಿ ಒಂದೇ ಸೀಟಿಗೆ ಬೇರೆ ಬೇರೆ ಕಡೆ ಬೇರೆ ಬೇರೆ ಬೆಲೆ. ಅಮೆರಿಕದಲ್ಲಿರೋ ನನ್ನ ಕಾಲೇಜಿನ ಗೆಳೆಯರು ಸ್ಟಬ್‌ಹಬ್, ಸೀಟ್‌ಗೀಕ್, ವಿಯಾಗೊಗೊ ಅಂತ ಮೂರು ಟ್ಯಾಬ್ ತೆರೆದು ಕೂರ್ತಾರೆ. (ಮೊದಲನೆಯದನ್ನು ಮೂರನೆಯದು 2020ರಲ್ಲೇ ಕೊಂಡುಕೊಂಡಿದೆ. ಟ್ಯಾಬ್ ಎರಡಾದ್ರೂ ಮನೆ ಒಂದೇ.) ಇಲ್ಲಿ ಮಾರುವವರು ಸೈಟಿನವರಲ್ಲ, ಅದರಲ್ಲಿ ಟಿಕೆಟ್ ಪಟ್ಟಿ ಮಾಡಿದ ಬೇರೆ ಯಾರೋ, ಸೈಟು ದಲ್ಲಾಳಿ ಮಾತ್ರ. 2018ರಲ್ಲಿ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ವಿಯಾಗೊಗೊ ವಿರುದ್ಧ ಕೋರ್ಟ್ ಆದೇಶ ತಂದಿತು: ಸೀಟು ಎಲ್ಲಿ, ವ್ಯಾಪಾರಿ ಮಾರ್ತಿದ್ರೆ ಅವನು ಯಾರು, ಗೇಟಿನಲ್ಲಿ ತಡೆಯುವ ಅಪಾಯ ಇದೆಯಾ ಅನ್ನೋದನ್ನು ಕೊಳ್ಳುವವರಿಗೆ ಮೊದಲೇ ತಿಳಿಸಬೇಕು. ಅಮೆರಿಕದಲ್ಲಿ 2025ರ ಮೇ 12ರಿಂದ, ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಮೊತ್ತವನ್ನು ಮೊದಲ ಪುಟದಲ್ಲೇ ತೋರಿಸಬೇಕು. ಹೋಲಿಕೆಗೆ ಒಂದು ಅರ್ಥ ಬಂದಿದ್ದು ಈ ನಿಯಮದಿಂದಲೇ.

ಅಧಿಕೃತ ಮರುಮಾರಾಟ ಸುರಕ್ಷಿತ, ಆದರೆ ಅಗ್ಗ ಅಂತೇನಿಲ್ಲ. 2026ರ ವಿಶ್ವಕಪ್‌ಗೆ ಫಿಫಾ ತಾನೇ ಮರುಮಾರಾಟದ ತಾಣ ತೆರೆದು, ಕೊಳ್ಳುವವರಿಂದ ಶೇ 15, ಮಾರುವವರಿಂದ ಶೇ 15 ಶುಲ್ಕ ಇಟ್ಟಿತು. 100 ಡಾಲರಿಗೆ ಟಿಕೆಟ್ ಇಟ್ಟರೆ ಕೊಳ್ಳುವವನು ಕೊಡೋದು 115, ಮಾರುವವನ ಕೈಗೆ ಬರೋದು 85. ಮಧ್ಯದ 30 ಫಿಫಾಗೆ, ಅದೂ ತಾನು ಒಮ್ಮೆ ಮಾರಿಯಾದ ಟಿಕೆಟ್ ಮೇಲೆ! ಆದರೂ ಅಲ್ಲಿ ಹಳೆಯ ಟಿಕೆಟ್ ರದ್ದಾಗಿ ಹೊಸಬರ ಖಾತೆಗೇ ಹೋಗುತ್ತೆ. ನನ್ನ ತಮ್ಮನಿಗೆ ಸಿಗದೇ ಹೋದದ್ದು ಈ ವರ್ಗಾವಣೆ. ಅವನ ಕೈಗೆ ಬಂದಿದ್ದು ಬರೀ ಒಂದು ಸ್ಕ್ರೀನ್‌ಶಾಟ್. ಸ್ಕ್ರೀನ್‌ಶಾಟನ್ನು ಹತ್ತು ಜನಕ್ಕೆ ಮಾರಬಹುದು, ಸೀಟು ಮಾತ್ರ ಒಂದೇ.

ನಮ್ಮಲ್ಲಿ ಇದಕ್ಕೆ ಕಾನೂನೇ ಇಲ್ವಾ? ಇದೆ. ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಂ ‘ಅನಧಿಕೃತ ಟಿಕೆಟ್ ಮಾರಾಟ’ವನ್ನು ಸಣ್ಣ ಸಂಘಟಿತ ಅಪರಾಧಗಳ ಪಟ್ಟಿಗೆ ಸೇರಿಸಿದೆ, ಒಂದರಿಂದ ಏಳು ವರ್ಷ ಜೈಲು. ಆದರೆ ಮಾರುವವನು ಗುಂಪು ಅಥವಾ ಗ್ಯಾಂಗಿನ ಸದಸ್ಯ ಆಗಿರಬೇಕು. ಜ್ವರ ಬಂತು ಅಂತ ತನ್ನ ಒಂದು ಟಿಕೆಟನ್ನು ಪ್ರಾಮಾಣಿಕವಾಗಿ ಮಾರೋಕೆ ಹೊರಟ ಹುಡುಗಿಗೆ ಯಾವುದು ಸರಿ ದಾರಿ ಅಂತ ಈ ಕಲಂ ಹೇಳಲ್ಲ. ಆ ದಾರಿಯನ್ನು ತೆರೆಯಬೇಕಾದವರು ತಂಡಗಳು: ಮೂಲ ಬೆಲೆಗೆ ವಾಪಸ್ ಪಡೆದು ಸರತಿಯಲ್ಲಿರುವ ಇನ್ನೊಬ್ಬರಿಗೆ ಕೊಡೋದು ತಾಂತ್ರಿಕವಾಗಿ ಕಷ್ಟದ ಕೆಲಸ ಅಲ್ಲವೇ ಅಲ್ಲ. ಇನ್ನು ಕೊನೇ ಪುಟದಲ್ಲಿ ಶುಲ್ಕ ತುರುಕೋದು, ‘ಎರಡೇ ಸೀಟು ಉಳಿದಿವೆ’ ಅಂತ ಸುಳ್ಳು ಹೆದರಿಕೆ ಹುಟ್ಟಿಸೋದು, ಇವೆಲ್ಲ 2023ರ ನವೆಂಬರ್‌ನ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ನಿಷೇಧಿಸಿದ 13 ತಂತ್ರಗಳಲ್ಲಿ ಸೇರಿವೆ. ಕಂಡರೆ ಸ್ಕ್ರೀನ್‌ಶಾಟ್ ತೆಗೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ತಮ್ಮ ಆವತ್ತೇ 1930ಕ್ಕೆ, ಅಂದ್ರೆ ಸೈಬರ್ ವಂಚನೆಯ ಸಹಾಯವಾಣಿಗೆ, ಫೋನ್ ಮಾಡಬೇಕಿತ್ತು. ಮೊದಲ ಗಂಟೆಯಲ್ಲೇ ತಿಳಿಸಿದರೆ ಹಣ ಬೇರೆ ಕಡೆ ಹೋಗೋ ಮುಂಚೆ ತಡೆಯುವ ಸಾಧ್ಯತೆ ಹೆಚ್ಚು. ಅವನು ಮಾಡಿದ್ದು ಮಾರನೇ ದಿನ ಮಧ್ಯಾಹ್ನ, ಹಾಸನಕ್ಕೆ ವಾಪಸ್ ಹೋದ ಮೇಲೆ. ದೂರಿನ ನಂಬರ್ ಇನ್ನೂ ಅವನ ಫೋನಿನಲ್ಲಿದೆ, ಆ ಕ್ಯೂಆರ್ ಕೋಡಿನ ಪಕ್ಕದಲ್ಲೇ.