ಹಿರಿಮಗನ ತಕರಾರು

ಸಂಜೆ ಹೊತ್ತಿಗೆ ಅಮರಗೋಳದ ಎಪಿಎಂಸಿ ಕಡೆಯಿಂದ ಗಾಳಿ ಬಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಉಳ್ಳಾಗಡ್ಡಿ ವಾಸನೆ. ಅದರ ಬೆನ್ನಿಗೇ ಒಣಮೆಣಸಿನಕಾಯಿಯ ಘಾಟು. ಮಾಲು ಇಳಿಸಿದ ಲಾರಿಗಳು ತಾಡಪತ್ರಿ ಮಡಚಿಕೊಂಡು ಹುಬ್ಬಳ್ಳಿ-ಧಾರವಾಡ ರಸ್ತೆಗೆ ಹತ್ತುತ್ತವೆ. ಹಮಾಲರು ಹೆಗಲ ಮೇಲಿನ ಟವಲ್ ಜಾಡಿಸಿ ಮುಖ ಒರೆಸಿಕೊಂಡು ಚಾ ಅಂಗಡಿಯತ್ತ ಹೆಜ್ಜೆ ಹಾಕುತ್ತಾರೆ. ರಸ್ತೆಯ ನಟ್ಟನಡುವಿನ ನಿಲ್ದಾಣಕ್ಕೆ ಚಿಗರಿ ಬಸ್ಸು ಬಂದು ನಿಂತು ಬಾಗಿಲು ಸರಿದರೆ, ಏಸಿಯ ತಂಪಿನಿಂದ ಹೊರಗಿನ ಧಗೆಗೆ ಇಳಿಯುವವರಲ್ಲಿ ಅರ್ಧಕ್ಕರ್ಧ ವಿದ್ಯಾರ್ಥಿಗಳೇ. ಕರಿ ಕೋಟನ್ನು ಮೊಣಕೈ ಮೇಲೆ ಹಾಕಿಕೊಂಡವರು ಕಾನೂನು ಓದುವವರು. ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಇಲ್ಲೇ ಪಕ್ಕದ ನವನಗರದಲ್ಲಿ ನೆಲೆಯೂರಿದ ಮೇಲೆ ಈ ಕೋಟುಗಳು ಊರಿಗೆ ರೂಢಿಯಾಗಿವೆ. ಉಳಿದವರ ಬೆನ್ನಿಗೆ ಭಾರದ ಬ್ಯಾಗು, ಕೈಯಲ್ಲಿ ಮೊಬೈಲು, ಹೊಟ್ಟೆಯಲ್ಲಿ ಹಸಿವು.

ಬನ್ನಿ, ಆ ಮೂಲೆಯ ಬೆಂಚಿನ ಮೇಲೆ ಕೂರೋಣ. ಗಿರ್ಮಿಟ್ ಮಾಡುವವನ ಕೈ ನೋಡುವುದೇ ಒಂದು ಸುಖ. ಹೆಚ್ಚಿಟ್ಟ ಉಳ್ಳಾಗಡ್ಡಿ, ಟೊಮೆಟೊ, ಹುಣಸೆಹುಳಿ ಎಲ್ಲ ಕೂಡಿ ಬೆಂದ ಒಗ್ಗರಣೆಯನ್ನು ದೊಡ್ಡ ಬೋಗುಣಿಯ ಚುರುಮುರಿಗೆ ಸುರಿದು, ಪುಠಾಣಿ ಹಿಟ್ಟು ಉದುರಿಸಿ, ಬುಡಮೇಲು ತಿರುವಿ, ಮೇಲೆ ಸೇವು, ಹಸಿ ಕೊತ್ತಂಬರಿ ಎರಚುತ್ತಾನೆ. ಬದಿಗೊಂದು ಮಿರ್ಚಿ. ಚುರುಮುರಿ ಮೆತ್ತಗಾಗುವ ಮೊದಲು ತಿಂದು ಮುಗಿಸಬೇಕು, ಹಾಗಾಗಿ ಮೊದಲ ಐದು ನಿಮಿಷ ಈ ಅಂಗಡಿಯಲ್ಲಿ ಯಾರೂ ಮಾತಾಡುವುದಿಲ್ಲ.

ಎದುರು ಬೆಂಚಿನ ಮೇಲೆ ಮೂವರು ಹುಡುಗರು. ಇಬ್ಬರು ಮೊದಲ ವರ್ಷದವರು. ಒಬ್ಬ ಗದಗ ಕಡೆಯವನು, ಇನ್ನೊಬ್ಬ ಸವಣೂರಿನ ಹತ್ತಿರದ ಹಳ್ಳಿಯವನು. ಮೂರನೆಯವನು ಕೊನೆಯ ವರ್ಷದವ. ಅವನ ಅಂಗಿಯ ಕಿಸೆಯಲ್ಲಿ ಅಂಗೈಯಗಲದ ಪುಸ್ತಕವೊಂದರ ಮೂಲೆ ಕಾಣುತ್ತದೆ. ಅದು ಹೊಸ ಒಡಂಬಡಿಕೆ. ಆದರೆ ಅವನು ಅದನ್ನು ಹೊರಗೆ ತೆಗೆಯುವುದಿಲ್ಲ. ಖಾನಾವಳಿಯವ ರೊಟ್ಟಿ ಎಷ್ಟು ಕೊಡುತ್ತಾನೆ, ರೂಮಿಗೆ ನೀರು ಬರುತ್ತದೋ ಇಲ್ಲವೋ, ಇಂಗ್ಲಿಷಿನಲ್ಲಿ ನಡೆಯುವ ಪಾಠ ತಲೆಗೆ ಹತ್ತುತ್ತದೋ ಇಲ್ಲವೋ, ಇವೇ ಮಾತು. ಎದ್ದು ಹೊರಡುವಾಗಷ್ಟೇ, ಬಿಲ್ಲಿನ ಚಿಲ್ಲರೆ ಎಣಿಸುತ್ತ, "ಶನಿವಾರ ಸಂಜಿಕ ನಮ್ಮ ರೂಮಿನ್ಯಾಗ ಫೆಲೋಶಿಪ್ ಐತಿ ತಮ್ಮಾ. ಬರಬೇಕು ಅನ್ನಿಸಿದ್ರ ಬಾ. ಅನ್ನಸ್ಲಿಲ್ಲಂದ್ರ ಚಾ ಕುಡಿಯಾಕ ನಾಳಿ ಇಲ್ಲೇ ಸಿಗೋಣು" ಅನ್ನುತ್ತಾನೆ.

ಕಾಲೇಜು ಹುಡುಗರ ನಡುವೆ ಸುವಾರ್ತೆ ಸಾರುವುದು ಎಂದಾಗ ಮೈಕು, ವೇದಿಕೆ, ಬಣ್ಣದ ಕರಪತ್ರಗಳನ್ನು ಕಲ್ಪಿಸಿಕೊಂಡವರಿಗೆ ಇದು ಸಪ್ಪೆ ಅನ್ನಿಸಬಹುದು. ಕರಪತ್ರದ ಕಾಲವೂ ಇತ್ತು. ಈಗಲೂ ಅಲ್ಲಲ್ಲಿ ಕಾಲೇಜು ಗೇಟಿನ ಹೊರಗೆ ಯಾರೋ ಬಂದು ಕೈಗೆ ಹಾಳೆ ತುರುಕಿ ಹೋಗುವುದುಂಟು. ಆ ಹಾಳೆಗಳಲ್ಲಿ ಹೆಚ್ಚಿನವು ಹತ್ತು ಹೆಜ್ಜೆ ದಾಟುವ ಮುಂಚೆ ಗಟಾರ ಸೇರುತ್ತವೆ. ಗೆಳೆತನದ ದಾರಿ ನಿಧಾನದ್ದು. ದೇಶದ ವಿದ್ಯಾರ್ಥಿಗಳ ನಡುವೆ ಕ್ರೈಸ್ತ ಸಂಘಟನೆಗಳು ಬೇರು ಬಿಟ್ಟದ್ದು ಈ ದಾರಿಯಲ್ಲೇ. ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರಲ್ಲಿ ಹುಟ್ಟಿತು. ಹಾಸ್ಟೆಲ್ ಕೋಣೆಗಳ ಪ್ರಾರ್ಥನಾ ಗುಂಪುಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿದ ಯೂನಿಯನ್ ಆಫ್ ಇವಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ 1954ರಲ್ಲಿ.

ಶನಿವಾರ ಸಂಜೆ ನವನಗರದ ಆ ಬಾಡಿಗೆ ಮನೆಯ ಮೆಟ್ಟಿಲು ಹತ್ತಿದರೆ ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಎರಡು ಚಾಪೆ, ಮಡಚಿ ಗೋಡೆಗೆ ಒತ್ತರಿಸಿದ ಹಾಸಿಗೆಗಳು, ಹಗ್ಗದ ಮೇಲೆ ಒಣಗದ ಬನಿಯನ್ನು. ಊರಿಂದ ಬಂದ ಬುತ್ತಿಯ ಗುರೆಳ್ಳು ಚಟ್ನಿಯ ಕಂಪು ಕೋಣೆಯ ತುಂಬ. ಒಬ್ಬನ ಕೈಯಲ್ಲಿ ಗಿಟಾರು. ತಬಲಾ ಇಲ್ಲದ್ದಕ್ಕೆ ಖಾಲಿ ನೀರಿನ ಕ್ಯಾನು ಬೋರಲು ಬಿದ್ದಿದೆ. ಕನ್ನಡದ್ದೊಂದು, ಹಿಂದಿಯದ್ದೊಂದು ಹಾಡು. ದನಿ ಏರಿದಾಗಲೆಲ್ಲ ಯಾರಾದರೂ ಒಬ್ಬರು ಕಿಟಕಿಯ ಕಡೆ ನೋಡುತ್ತಾರೆ. ಕೆಳಗೆ ಮನೆಯ ಮಾಲಕರಿದ್ದಾರೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣಕ್ಕೆ ಆಮೇಲೆ ಬರುತ್ತೇನೆ.

ಹಾಡು ಮುಗಿದ ಮೇಲೆ ಕಥೆ. ಲೂಕನ ಸುವಾರ್ತೆಯ 15ನೇ ಅಧ್ಯಾಯದ ತಪ್ಪಿಹೋದ ಮಗನ ಕಥೆ. ಇಬ್ಬರು ಗಂಡುಮಕ್ಕಳಲ್ಲಿ ಕಿರಿಯವನು ಅಪ್ಪ ಬದುಕಿರುವಾಗಲೇ ಪಾಲು ಕೇಳಿ, ಅದನ್ನು ದೂರದ ಊರಲ್ಲಿ ಹಾಳುಮಾಡಿ, ಹಂದಿ ಕಾಯುವ ಕೂಲಿಯಾಗಿ, ಬುದ್ಧಿ ಬಂದು ಮನೆಗೆ ತಿರುಗಿ ಬರುತ್ತಾನೆ. ದೂರದಿಂದಲೇ ಕಂಡ ಅಪ್ಪ ಓಡಿಹೋಗಿ ತಬ್ಬಿಕೊಳ್ಳುತ್ತಾನೆ, ಹಬ್ಬದೂಟ ಮಾಡಿಸುತ್ತಾನೆ. ಮೂಲದಲ್ಲಿ ಕೊಬ್ಬಿದ ಕರುವಿನ ಊಟ. ಹೇಳುವ ಹುಡುಗ ಕೇಳುವವರ ಮುಖ ನೋಡಿ ಅದನ್ನು ಹೋಳಿಗೆ ಊಟ ಮಾಡಿಬಿಟ್ಟ. ನನಗೆ ನಗು ಬಂತು. ಪಂಡಿತರು ಕೋಪಿಸಿಕೊಂಡಾರು, ಆದರೆ ಲಿಂಗಾಯತ ಮನೆಯ ಹುಡುಗರು ಮುಂದೆ ಕೂತಿರುವಾಗ ಅವನು ಮಾಡಿದ್ದೇ ಸರಿ.

ಕಥೆ ಅಪ್ಪನ ಪ್ರೀತಿಯ ಕಡೆ ಹೊರಳಬೇಕು, ಅಷ್ಟರಲ್ಲಿ ಸವಣೂರು ಕಡೆಯ ಹುಡುಗ ಬಾಯಿ ಹಾಕಿದ. "ಅಣ್ಣಾ, ಹಂಗಾರ ಹಿರೇಮಗಂದೇನು ತಪ್ಪು? ಅಂವಾ ಹೊಲದಾಗ ದುಡಕೋತ ಇದ್ದ. ಅಂವಗ ಒಂದ ದಿನಾ ಯಾರೂ ಹಬ್ಬ ಮಾಡ್ಲಿಲ್ಲ." ಕೋಣೆಯ ಅರ್ಧ ಜನ ಅವನ ಪರ ನಿಂತರು. ನಿಲ್ಲದೆ ಏನು? ಇವರ ಮನೆಗಳಲ್ಲಿ ಅಣ್ಣಂದಿರು ಶಾಲೆ ಬಿಟ್ಟು ಗಳೇ ಹೊಡೆದದ್ದಕ್ಕೇ ತಮ್ಮಂದಿರು ಕಾಲೇಜು ಕಂಡಿದ್ದಾರೆ. ಪಾಲು ಅಂದರೆ ಏನೆಂದು ಸರ್ವೆ ನಂಬರಿನ ಸಮೇತ ಗೊತ್ತು. "ನಮ್ಮಪ್ಪಾಗಿದ್ರ ಹೊಸ್ತಲಾ ದಾಟಾಕ ಬಿಡತಿದ್ದಿಲ್ಲ" ಎಂದ ಗದಗಿನವ. ಹೇಳುವವನು ತಡವರಿಸಿದ. ಪುಸ್ತಕ ತೆಗೆದು ಮತ್ತೊಮ್ಮೆ ಓದಿದ. ಹಿರಿಮಗ ಸಿಟ್ಟಿನಿಂದ ಹೊರಗೇ ನಿಂತಿದ್ದಾನೆ, ಅಪ್ಪ ಅವನನ್ನು ಕರೆಯಲು ತಾನೇ ಅಂಗಳಕ್ಕೆ ಬರುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಲೂಕ ಬರೆದಿಲ್ಲ. "ನೋಡಪಾ, ಇಲ್ಲೂ ಹೇಳಿಲ್ಲ" ಎಂದ ಹುಡುಗ ಪ್ರಾಮಾಣಿಕವಾಗಿ. ಆ ತಕರಾರು ಬಗೆಹರಿಯದೇ ಕೂಟ ಮುಗಿಯಿತು, ಚುರುಮುರಿ ಚೂಡಾ ಕೈಯಿಂದ ಕೈಗೆ ಹೋಯಿತು.

ಈ ಸೀಮೆಗೆ ಈ ಕಥೆ ಹೊಸದಲ್ಲ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಕಾಲಿಟ್ಟರು. ಅವರಿಗಿಂತ ಮೊದಲೇ, 1831ರ ಹೊತ್ತಿಗೆ, ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿತ್ತು. ಮಿಶನ್ನಿನವರು ಸಂತೆ, ಜಾತ್ರೆಗಳಲ್ಲಿ ನಿಂತು ಸಾರಿದರು. ಜನ ಕೇಳಿದರು, ವಾದ ಮಾಡಿದರು, ತಮ್ಮ ದಾರಿ ಹಿಡಿದರು. ಸಾರುವವರಿಗಿಂತ ಅವರು ತೆರೆದ ಶಾಲೆಗಳೇ ಹೆಚ್ಚು ಬಾಳಿದವು. ಧಾರವಾಡದ ಬಾಸೆಲ್ ಮಿಶನ್ ಶಾಲೆಯ ಬೆಂಚುಗಳ ಮೇಲೆ ಎಲ್ಲ ಜಾತಿಯ ಮಕ್ಕಳು ಕೂತು ಓದಿದರು. ಇವತ್ತಿಗೂ ಧಾರವಾಡದಲ್ಲಿ ಕಿಟೆಲ್ ಹೆಸರಿನ ಕಾಲೇಜಿದೆ.

ಆ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದಾಗ ಇಪ್ಪತ್ತೊಂದರ ಹುಡುಗ, ನಮ್ಮ ಕೊನೆಯ ವರ್ಷದ ವಿದ್ಯಾರ್ಥಿಯ ವಾರಿಗೆಯವನು. ಸಾರಲು ಬಂದವನು ಮೊದಲು ಕಲಿಯಲು ಕೂತ. ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹೊಸೆದು 1862ರಲ್ಲಿ 'ಕಥಾಮಾಲೆ' ಪ್ರಕಟಿಸಿದ, 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದ, 1894ರಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳ ನಿಘಂಟು ಕೊಟ್ಟ. ಅವನಿಂದ ಎಷ್ಟು ಜನ ಕ್ರೈಸ್ತರಾದರು ಎಂದು ಇಂದು ಯಾರೂ ಕೇಳುವುದಿಲ್ಲ.

ನನಗೆ ಇನ್ನೂ ಹತ್ತಿರದವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನ ಪಾದ್ರಿಯಾದವರು. ಸುವಾರ್ತೆ ಹೇಳಲು ಹಳ್ಳಿಗೆ ಹೋದ ಈ ಪಾದ್ರಿ, ಹಳ್ಳಿಯವರ ಬಾಯಲ್ಲಿದ್ದ ಸರ್ವಜ್ಞನನ್ನು ಬರೆದುಕೊಂಡು ಬಂದರು. ಅವರ ಸರ್ವಜ್ಞನ ವಚನಗಳ ಸಂಗ್ರಹ 1924ರಲ್ಲಿ ಹೊರಬಂತು. ಶರಣರ ವಚನಗಳಿಗೂ ಅನುಭವಮಂಟಪದ ಇತಿಹಾಸಕ್ಕೂ ದುಡಿದ ಅವರನ್ನು ನಾಡು ತಿರುಳ್ಗನ್ನಡದ ತಿರುಕ ಎಂದು ಕರೆಯಿತು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದ ಮೇಲೆ ಕೂರಿಸಿತು. ಪಾದ್ರಿಯ ನಿಲುವಂಗಿ ಕಳಚಿ ಬನ್ನಿ ಎಂದು ಯಾರೂ ಅನ್ನಲಿಲ್ಲ.

ಕಿಟಕಿಯ ಮಾತಿಗೆ ಬರುತ್ತೇನೆ. ಅಮರಗೋಳದಿಂದ ಹುಬ್ಬಳ್ಳಿ ಕಡೆ ಸ್ವಲ್ಪ ಹೋದರೆ ಭೈರಿದೇವರಕೊಪ್ಪ. 2021ರ ಅಕ್ಟೋಬರ್ 17ರ ಭಾನುವಾರ ಅಲ್ಲಿನ ಪ್ರಾರ್ಥನಾ ಸ್ಥಳವೊಂದರೊಳಗೆ ಹಿಂದೂ ಸಂಘಟನೆಗಳ ಕಾರ್ಯಕರ್ತರು ಕೂತು ಭಜನೆ ಹಾಡಿದರು. ಮತಾಂತರ ನಡೆಯುತ್ತಿದೆ ಎಂಬುದು ಅವರ ಆರೋಪ. ಮರುವರ್ಷ ಮತಾಂತರ ತಡೆ ಕಾಯ್ದೆ ಬಂತು. ಮತ ಬದಲಿಸುವವರು ಜಿಲ್ಲಾಡಳಿತಕ್ಕೆ 30 ದಿನ ಮೊದಲೇ ತಿಳಿಸಬೇಕು, ಬಲವಂತ, ಮೋಸ, ಆಮಿಷದ ಮತಾಂತರಕ್ಕೆ ಜೈಲು. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಆದರೆ ಕೋಣೆಯ ಹುಡುಗರು ಆಗ ಕಲಿತ ಎಚ್ಚರ ಬಿಟ್ಟಿಲ್ಲ. ಚಾ ಅಂಗಡಿಯಲ್ಲಿ ಚಿಲ್ಲರೆ ಎಣಿಸುತ್ತಿದ್ದದ್ದು ನೆನಪಿದೆಯೇ? ಅವರವರ ಗಿರ್ಮಿಟಿನ ರೊಕ್ಕ ಅವರವರೇ ಕೊಡುತ್ತಾರೆ. "ನಾ ಕೊಟ್ರ ನಾಳೆ ಯಾರರೆ ಆಮಿಷ ಅಂತಾರ" ಎಂದು ಹಿರಿಯವನು ನಕ್ಕ. ಉತ್ತರ ಕರ್ನಾಟಕದಲ್ಲಿ ಕಿರಿಯನ ಚಾದ ರೊಕ್ಕ ಹಿರಿಯ ಕೊಡದಿರುವುದು ಸಣ್ಣ ಸಂಗತಿಯಲ್ಲ!

ಕರಿ ಕೋಟಿನವರಿಗೆ ಇದರ ಕಾನೂನು ಬಾಯಿಪಾಠ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ ಹಕ್ಕಿನ ಜೊತೆ ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. ಇದರ ಮೇಲೆ 1948ರ ಡಿಸೆಂಬರ್ 6ರಂದು ಸಂವಿಧಾನ ಸಭೆಯಲ್ಲಿ ಬಿಸಿಬಿಸಿ ಚರ್ಚೆ ನಡೆದಾಗ ಟಿ.ಟಿ. ಕೃಷ್ಣಮಾಚಾರಿ ಎದ್ದು ನಿಂತು, ತಾವು 14 ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದರೂ ತಮ್ಮನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲ ಎಂದಿದ್ದರು. ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಗೆರೆ ಎಳೆಯಿತು. ಹೇಳುವುದಕ್ಕೂ ಒಪ್ಪಿಸುವುದಕ್ಕೂ ನಡುವಿನ ಆ ಗೆರೆ ತೀರ್ಪಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಚಾ ಅಂಗಡಿಯಲ್ಲಿ ಕಾಣುವುದಿಲ್ಲ, ಅದು ನಿಜ.

ನನ್ನ ತೀರ್ಮಾನ ಕೇಳಿದರೆ, ಆ ಕೋಣೆಯಲ್ಲಿ ನಡೆದದ್ದು ಸರಿಯಾದ ಕೆಲಸ. ಅಲ್ಲಿ ಹೇಳುವವನಿಗೆ ಎದುರುತ್ತರ ಸಿಕ್ಕಿತು, ಅವನು ಅದನ್ನು ಕೇಳಿಸಿಕೊಂಡ, ಉತ್ತರ ಗೊತ್ತಿಲ್ಲದಾಗ ಗೊತ್ತಿಲ್ಲ ಅಂದ. ಪರೀಕ್ಷೆಯ ಭಯದಲ್ಲಿ, ಊರು ಬಿಟ್ಟ ಒಂಟಿತನದಲ್ಲಿ ಇರುವ ಹುಡುಗನಿಗೆ ಪವಾಡದ ಆಸೆ ತೋರಿಸಿ, ಅವನ ಮನೆದೇವರನ್ನು ಹೀಗಳೆದು ಎಳೆದುಕೊಳ್ಳುವವರೂ ಇಲ್ಲದಿಲ್ಲ. ಅವರಿಂದ ಈ ಹುಡುಗರಿಗೂ ಕೆಟ್ಟ ಹೆಸರು. ಹಾಗೆಂದು ನಾಲ್ಕು ಜನ ಚಾಪೆ ಹಾಸಿ ಕಥೆ ಓದಿದರೆ ಬಾಗಿಲು ಬಡಿಯುವುದು ಯಾವ ಧರ್ಮರಕ್ಷಣೆಯೂ ಅಲ್ಲ.

ಎರಡೂ ಕಡೆಯ ಹುಡುಗರಿಗೆ ಒಂದು ವಿನಂತಿ. ಸುವಾರ್ತೆ ಹಿಡಿದು ಹೊರಟವರು ಕೋಣೆಯ ಗೂಡಿನಲ್ಲಿ ಉತ್ತಂಗಿಯವರ ಸರ್ವಜ್ಞನನ್ನೂ ಇಟ್ಟುಕೊಳ್ಳಿ; ಕೇಳುವವರ ಮನೆಯ ಮಾತು ಗೊತ್ತಾಗುತ್ತದೆ. ಅನುಮಾನದಿಂದ ನೋಡುವವರು ಲೂಕನ 15ನೇ ಅಧ್ಯಾಯವನ್ನು ಒಮ್ಮೆ ನೀವೇ ಓದಿ, ಹಿರಿಮಗನ ಪರ ವಾದ ಮಾಡಲು ಶನಿವಾರ ಆ ಮೆಟ್ಟಿಲು ಹತ್ತಿ. ಅಧ್ಯಾಯ ಚಿಕ್ಕದು, ಒಂದು ಚಾ ಆರುವುದರೊಳಗೆ ಮುಗಿಯುತ್ತದೆ.