ಮೈತುಂಬ ಮರಳು, ತಲೆತುಂಬ ಹೂವು

ಚಳಿಗಾಲದಲ್ಲಿ ಹದವಾಗಿ ಮಳೆ ಬಿದ್ದ ವರ್ಷ, ದಕ್ಷಿಣ ಕ್ಯಾಲಿಫೋರ್ನಿಯಾದ ಆನ್ಜಾ-ಬೊರೇಗೊ ಮರುಭೂಮಿ ಉದ್ಯಾನದ ಮರಳು ಬಯಲು ಫೆಬ್ರುವರಿ, ಮಾರ್ಚ್ ಹೊತ್ತಿಗೆ ನೇರಳೆಗೆಂಪು ಬಣ್ಣಕ್ಕೆ ತಿರುಗುತ್ತದೆ. 2017 ಮತ್ತು 2019ರಲ್ಲಿ ಅದನ್ನು ನೋಡಲು ಜನ ಮುಗಿಬಿದ್ದರು. ಬಯಲಿಗೆ ಆ ರಂಗು ಬಳಿಯುವುದರಲ್ಲಿ ದೊಡ್ಡ ಪಾಲು ಡೆಸರ್ಟ್ ಸ್ಯಾಂಡ್ ವರ್ಬಿನಾದ್ದು. ಸಸ್ಯಶಾಸ್ತ್ರದಲ್ಲಿ ಇದು ಅಬ್ರೋನಿಯಾ ವಿಲ್ಲೋಸಾ. ಒಂದೇ ಋತುವಿನ ಬಾಳು: ಮೊಳೆತು, ಹೂಬಿಟ್ಟು, ಬೇಸಿಗೆ ಬಲಿಯುವಷ್ಟರಲ್ಲಿ ಬೀಜ ಉದುರಿಸಿ ಒಣಗುತ್ತದೆ.

ಬಣ್ಣವನ್ನಷ್ಟೇ ನಂಬಿದರೆ ಗುರುತು ತಪ್ಪುತ್ತದೆ. ಅದೇ ಮರಳಿನಲ್ಲಿ ನೆಲಕ್ಕಂಟಿ ಬೆಳೆಯುವ ಪರ್ಪಲ್ ಮ್ಯಾಟ್‌ನದೂ ಹೆಚ್ಚುಕಡಿಮೆ ಇದೇ ಬಣ್ಣ. ಆದರೆ ಅದರ ಹೂಗಳು ಬಿಡಿಬಿಡಿ, ಆಲಿಕೆಯಾಕಾರದವು. ಇದನ್ನು ಹೋಲುವ ಅಲಿಯೋನಿಯಾ ಎಂಬ ಇನ್ನೊಂದು ಗಿಡದಲ್ಲಿ ಒಂದೇ ಹೂವೆಂದು ಕಾಣುವುದು ಮೂರು ಹೂಗಳ ಕೂಟ. ಅಬ್ರೋನಿಯಾದಲ್ಲಾದರೋ ಹದಿನೈದಕ್ಕೂ ಹೆಚ್ಚು ಪುಟಾಣಿ ಹೂಗಳು ಒಂದೇ ತೊಟ್ಟಿನ ತುದಿಯಲ್ಲಿ ಗೊಂಚಲಾಗಿ ಕೂತಿರುತ್ತವೆ. ಪ್ರತಿ ಹೂವಿನ ನಡುವೆ ಬಿಳಿ ಕಣ್ಣು.

ಇನ್ನೂ ಹತ್ತಿರ ಹೋದರೆ ಅಚ್ಚರಿ ಕಾದಿದೆ. ಈ ಹೂವಿಗೆ ದಳಗಳೇ ಇಲ್ಲ! ಪುಷ್ಪಪಾತ್ರೆಯೇ ಕೊಳವೆಯಾಗಿ, ಬಣ್ಣ ತುಂಬಿಕೊಂಡು ದಳದ ಕೆಲಸ ಮಾಡುತ್ತದೆ. ಹೆಸರಿನಲ್ಲಿ ವರ್ಬಿನಾ ಇದ್ದರೂ ಆ ಕುಟುಂಬಕ್ಕೂ ಇದಕ್ಕೂ ನಂಟಿಲ್ಲ. ಇದರ ನೆಂಟರು ನಮ್ಮ ಅಂಗಳದ ಸಂಜೆಮಲ್ಲಿಗೆ, ಬೇಲಿಯ ಬೋಗನ್‌ವಿಲ್ಲಾ, ಹೊಲದ ಬದುವಿನ ಪುನರ್ನವ. ಪುನರ್ನವವನ್ನು ಬಲ್ಲವರಿಗೆ ಗುರುತು ಇನ್ನೂ ಸುಲಭ: ಇಲ್ಲೂ ಎಲೆಗಳು ಎದುರುಬದುರು, ಜೋಡಿಯಲ್ಲಿ ಒಂದು ದೊಡ್ಡದು, ಇನ್ನೊಂದು ಚಿಕ್ಕದು.

ಕೊನೆಯ ಸಾಕ್ಷಿ ಮುಟ್ಟಿದರೆ ಸಿಗುತ್ತದೆ. ಕಾಂಡ, ಎಲೆಗಳ ಮೇಲಿನ ರೋಮಗಳು ಅಂಟಂಟು. ಅವಕ್ಕೆ ಮರಳು ಮೆತ್ತಿಕೊಂಡಿರುತ್ತದೆ. ಅದು ಬರೀ ಕೊಳೆಯಲ್ಲ. ಕ್ಯಾಲಿಫೋರ್ನಿಯಾ ಕರಾವಳಿಯ ಹಳದಿ ಅಬ್ರೋನಿಯಾದ ಎಲೆಗಳಿಂದ ಮರಳು ಒರೆಸಿ ತೆಗೆದಾಗ ಎಲೆ ತಿನ್ನುವ ಜೀವಿಗಳ ಕಾಟ ಹೆಚ್ಚಿತೆಂದು ಲೊಪ್ರೆಸ್ಟಿ ಮತ್ತು ಕಾರ್ಬನ್ ಎಂಬ ಸಂಶೋಧಕರು 2016ರಲ್ಲಿ ತೋರಿಸಿದರು. ನೆಲದ ಬಣ್ಣಕ್ಕೆ ಹೊಂದದ ಹಸಿರು ಮರಳು ಮೆತ್ತಿದರೂ ಅಷ್ಟೇ ರಕ್ಷಣೆ ಸಿಕ್ಕಿತು. ಅಂದರೆ ಮರಳು ಎಲೆಯನ್ನು ಮರೆಮಾಚುವುದಕ್ಕಿಂತ ತಿನ್ನುವ ಬಾಯಿಗೆ ಅಡ್ಡಿಯಾಗುತ್ತದೆ. ಎಂಥ ಜಾಣ ಗಿಡ!

ಈ ಜಾಣತನ ನಡೆಯದಿರುವುದು ಸಹಾರಾ ಸಾಸಿವೆ ಎಂಬ ಹೊರನಾಡಿನ ಕಳೆಯ ಮುಂದೆ. ಅದು ಬೇಗ ಮೊಳೆತು ತೇವ, ಬೆಳಕು, ಜಾಗ ಎಲ್ಲವನ್ನೂ ಕಬಳಿಸುತ್ತದೆ. ಸ್ವಯಂಸೇವಕರು ಬಯಲಿಗಿಳಿದು ಅದನ್ನು ಕೈಯಿಂದಲೇ ಕಿತ್ತು ಹಾಕುತ್ತಾರೆ.

ಮಕ್ಕಳನ್ನು ನೋಡಲೆಂದು ಸ್ಯಾನ್ ಡಿಯೇಗೊ ಕಡೆಗೆ ಹೋಗುವ ಕನ್ನಡಿಗರು ವಸಂತದಲ್ಲಿ ಈ ಬಯಲಿಗೆ ಹೋಗಿಬರಬಹುದು. ಹೂವಿನ ಜೊತೆಗೆ ಎಲೆ, ಕಾಂಡ, ರೆಕ್ಕೆಯುಳ್ಳ ಕಾಯಿಯ ಚಿತ್ರವನ್ನೂ ತೆಗೆದುಕೊಳ್ಳಿ. ಕಾಲುದಾರಿ ಬಿಟ್ಟು ಗಿಡಗಳನ್ನು ತುಳಿಯಬೇಡಿ. ಉದ್ಯಾನದಲ್ಲಿ ಹೂ ಕೀಳುವುದು ಕಾನೂನುಬಾಹಿರ.