ಕಡಲಹಕ್ಕಿ ಉಳಿಸಲು ಎಷ್ಟು ಕೊಡುತ್ತೀರಿ? ಕೇಳುವ ರೀತಿ ಬದಲಾದರೆ ಉತ್ತರವೂ ಬದಲು!

ತರಕಾರಿಗೆ ಮಾರುಕಟ್ಟೆಯಲ್ಲಿ ಬೆಲೆಯಿದೆ. ತೈಲ ಸೋರಿಕೆಗೆ ಸಿಕ್ಕಿ ಸತ್ತ ಕಡಲಹಕ್ಕಿಗೆ ಬೆಲೆ ಕಟ್ಟುವುದು ಹೇಗೆ? ಅರ್ಥಶಾಸ್ತ್ರಜ್ಞರು ಕಂಡುಕೊಂಡ ಒಂದು ದಾರಿ, ಜನರನ್ನೇ ಕೇಳುವುದು. 'ಇದನ್ನು ಉಳಿಸಲು ನೀವು ಎಷ್ಟು ಹಣ ಕೊಡಲು ಸಿದ್ಧ?' ತೊಡಕು ಶುರುವಾಗುವುದೇ ಇಲ್ಲಿ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ವಿಜ್ಞಾನ ಸಂಗ್ರಹಾಲಯಕ್ಕೆ ಬಂದವರಿಗೆ ಸಂಶೋಧಕರು ಇಂಥದ್ದೇ ಪ್ರಶ್ನೆ ಹಾಕಿದ್ದರು. ತೈಲ ಸೋರಿಕೆಯಿಂದ 50,000 ಕಡಲಹಕ್ಕಿಗಳನ್ನು ಕಾಪಾಡಲು ವರ್ಷಕ್ಕೆ ಎಷ್ಟು ಕೊಡುತ್ತೀರಿ? ಹೀಗೆ ನೇರವಾಗಿ ಕೇಳಿದಾಗ ಬಂದ ಸರಾಸರಿ 64 ಡಾಲರ್. ಇನ್ನು ಕೆಲವರಿಗೆ ಮೊದಲು '5 ಡಾಲರ್ ಕೊಡುತ್ತೀರಾ?' ಎಂದು ಕೇಳಿ, ಆಮೇಲೆ ಅವರ ಮೊತ್ತ ಕೇಳಿದರು. ಸರಾಸರಿ 20 ಡಾಲರ್‌ಗೆ ಇಳಿಯಿತು. '400 ಡಾಲರ್ ಕೊಡುತ್ತೀರಾ?' ಎಂದು ಶುರು ಮಾಡಿದಾಗ 143ಕ್ಕೆ ಏರಿತು. ಹಕ್ಕಿಗಳು ಅವೇ, ಬದಲಾದದ್ದು ಮೊದಲು ಕಿವಿಗೆ ಬಿದ್ದ ಸಂಖ್ಯೆ ಮಾತ್ರ.

ನೊಬೆಲ್ ಪುರಸ್ಕೃತ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಇದನ್ನು 'ಆಂಕರ್', ಅಂದರೆ ಲಂಗರು ಎಂದಿದ್ದರು. ಹಕ್ಕಿಯ ಬೆಲೆ ಯಾರ ತಲೆಯಲ್ಲೂ ಸಿದ್ಧವಾಗಿರುವುದಿಲ್ಲ. ಹಾಗಾಗಿ ಎದುರಿಗಿರುವ ಅಂಕಿಯನ್ನೇ ಹಿಡಿದುಕೊಳ್ಳುತ್ತೇವೆ. ಆಟೋದವನು ಹೇಳಿದ ಮೊದಲ ದರದಿಂದಲೇ ನಮ್ಮ ಚೌಕಾಸಿಯೂ ಶುರುವಾಗುತ್ತದಲ್ಲ, ಹಾಗೆ.

ಇದು ಬರೀ ಸಂಶೋಧಕರ ಆಟವಲ್ಲ. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಅಲಾಸ್ಕಾದ ಕಡಲಿಗೆ ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾತೈಲ ಸೋರಿತು. ಅಲಾಸ್ಕಾ ರಾಜ್ಯಕ್ಕಾಗಿ ನಡೆದ ಸಮೀಕ್ಷೆ, ಇಂಥ ಇನ್ನೊಂದು ದುರಂತ ತಡೆಯಲು ಒಮ್ಮೆ ಮಾತ್ರ ತೆರಿಗೆ ಕೊಡಲು ಒಪ್ಪುತ್ತೀರಾ ಎಂದು ಮತದಾನದಂತೆ ಕೇಳಿತು. ಎಲ್ಲರಿಗೂ ಒಂದೇ ಮೊತ್ತ ತೋರಿಸಲಿಲ್ಲ. ಕೆಲವರಿಗೆ 10 ಡಾಲರ್, ಉಳಿದವರಿಗೆ 30, 60 ಅಥವಾ 120. ಉತ್ತರಗಳನ್ನು ದೇಶದ ಎಲ್ಲ ಕುಟುಂಬಗಳಿಗೆ ಲೆಕ್ಕಹಾಕಿದಾಗ ಸಿಕ್ಕಿದ್ದು ಸುಮಾರು 280 ಕೋಟಿ ಡಾಲರ್ ನಷ್ಟ!

ಎಕ್ಸಾನ್ ಕಂಪನಿಯ ನೆರವಿನಿಂದ ಕೆಲಸ ಮಾಡಿದ ಅರ್ಥಶಾಸ್ತ್ರಜ್ಞರು ಸುಮ್ಮನಿರಲಿಲ್ಲ. ಅವರು ಬೇರೆ ಬೇರೆ ಗುಂಪುಗಳಿಗೆ 2,000, 20,000 ಮತ್ತು 2,00,000 ಹಕ್ಕಿಗಳನ್ನು ಉಳಿಸುವ ಪ್ರಶ್ನೆ ಕೇಳಿದರು. ಬಂದ ಸರಾಸರಿ ಕ್ರಮವಾಗಿ 80, 78 ಮತ್ತು 88 ಡಾಲರ್. ಹಕ್ಕಿಗಳು ನೂರು ಪಟ್ಟು ಹೆಚ್ಚಿದರೂ ಬೆಲೆ ಕದಲಲಿಲ್ಲ. ಕಂಪನಿಯ ದುಡ್ಡಿನ ಅಧ್ಯಯನ ಎಂದು ತಳ್ಳಿಹಾಕುವುದು ಸುಲಭ, ಆದರೆ ಎತ್ತಿದ ಪ್ರಶ್ನೆ ನಿಜವಾದದ್ದೇ.

1993ರಲ್ಲಿ ನೊಬೆಲ್ ವಿಜೇತರಾದ ಕೆನೆತ್ ಆ್ಯರೋ ಮತ್ತು ರಾಬರ್ಟ್ ಸೋಲೋ ನೇತೃತ್ವದ ಸಮಿತಿ, 'ಎಷ್ಟು ಕೊಡುತ್ತೀರಿ' ಎಂಬ ಪ್ರಶ್ನೆಗಿಂತ 'ಇಷ್ಟು ತೆರಿಗೆಗೆ ಮತ ಹಾಕುತ್ತೀರಾ' ಎಂಬುದೇ ಮೇಲು ಎಂದಿತು. ಮತ ಹಾಕುವುದು ಜನರಿಗೆ ರೂಢಿ, ಮೊತ್ತ ಊಹಿಸುವುದಲ್ಲ. ಆದರೆ ಹೌದು-ಇಲ್ಲ ಪ್ರಶ್ನೆಯಲ್ಲೂ ಅಂಕಿಯೊಂದು ಇದ್ದೇ ಇರುತ್ತದೆ, ಲಂಗರು ಹಾಕುವುದೂ ಅದೇ. ಆ ಹಣ ಹೋದರೆ ಬೇರೆ ಖರ್ಚಿಗೆ ಉಳಿಯುವುದಿಲ್ಲ ಎಂದು ನೆನಪಿಸಿ, 'ಮತ ಹಾಕುವುದಿಲ್ಲ' ಎಂಬ ಆಯ್ಕೆಯನ್ನೂ ಕೊಡಿ ಎಂದು ಸಮಿತಿ ಸೂಚಿಸಿತ್ತು.